ಬೀಗರ ಬೆಳ್ಳಿಯ ವಯಸ್ಸು

ಮನುಷ್ಯರು ಒಬ್ಬರನ್ನೊಬ್ಬರು ನಂಬಿದ್ದರಿಂದಲೇ ನಾಣ್ಯವೆಂಬುದು ಹುಟ್ಟಿತು; ನಂಬಿಕೆಯೇ ನಾಗರಿಕತೆಯ ತಳಪಾಯ. ಗಂಭೀರವಾದ ಮಾತು, ಒಪ್ಪತಕ್ಕದ್ದು. ಆದರೆ ನಾನು ಸೇಲ್ಸ್ ಟ್ಯಾಕ್ಸ್ ಇಲಾಖೆಗೆ ಇನ್‌ಸ್ಪೆಕ್ಟರನಾಗಿ ಸೇರಿ, ಒಬ್ಬರನ್ನೂ ನಂಬದೆ ನಿವೃತ್ತನಾದವನು. ಕಂಡಕ್ಟರು ಕೊಟ್ಟ ರೂಪಾಯಿಯನ್ನು ಈಗಲೂ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಎಸೆದು, ಸದ್ದು ಕೇಳಿಯೇ ಜೇಬಿಗೆ ಹಾಕಿಕೊಳ್ಳುತ್ತೇನೆ.

ಇಂಥವನು ಅಮೆರಿಕಕ್ಕೆ ಹೋದದ್ದು ತಂಗಿ ಶಾರದೆಯ ಮಗಳು ಸುಮನಳ ನಿಶ್ಚಿತಾರ್ಥಕ್ಕೆ. ಸೋದರಮಾವನಿಲ್ಲದೆ ಆ ಕಾರ್ಯ ನಡೆಯುವುದಿಲ್ಲವೆಂದು ಶಾರದೆ ಫೋನಿನಲ್ಲಿ ಹಟ ಹಿಡಿದಳು. ಹುಡುಗ ಡೇವಿಡ್ ಸುಮನಳ ಆಫೀಸಿನವನೇ, ಅಮೆರಿಕದವನು. ಆ ಸಂಗತಿಯನ್ನು ಮನೆಯವರು ಅಷ್ಟರಲ್ಲಿ ನುಂಗಿಕೊಂಡಿದ್ದರು. ನುಂಗಲು ಆಗದಿದ್ದದ್ದು ಬೇರೆ ಇತ್ತು. ಅದು ಒಂದು ಬೆಳ್ಳಿಯ ಬಿಲ್ಲೆ.

ನ್ಯೂಅರ್ಕ್ ವಿಮಾನ ನಿಲ್ದಾಣ

ನನ್ನ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹಪ್ಪಳ, ಶಾರದೆ ತರಹೇಳಿದ್ದ ಬೆಳ್ಳಿಯ ಒಳಲೆ ಮತ್ತು ನನ್ನ ಒರೆಗಲ್ಲು ಇದ್ದವು. ಒಳಲೆಯಲ್ಲಿ ನಮ್ಮ ತಾಯಿ ನಮಗೂ, ಆಮೇಲೆ ಸುಮನಳಿಗೂ ಹಾಲು ಹುಯ್ದಿದ್ದರು. ಅದರ ಮೂತಿ ಸೊಟ್ಟಗಾಗಿ, ತಳ ಸೋರುತ್ತಿತ್ತು. ಒರೆಗಲ್ಲನ್ನು ತಂದದ್ದಕ್ಕೆ ಕಾರಣ ತಂಗಿಯ ಗಂಡ ವೆಂಕಟೇಶ್ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದ್ದ ಒಂದು ಮಾತು: ಭಾವ, ಬರುವಾಗ ನಿಮ್ಮ ಕಲ್ಲು ತನ್ನಿ.

ಕಸ್ಟಮ್ಸ್ ಅಧಿಕಾರಿ ಹಪ್ಪಳವನ್ನು ಬಿಟ್ಟ, ಚಟ್ನಿಪುಡಿಯನ್ನು ಮೂಸಿ ಸೀನಿದ, ಕಪ್ಪುಕಲ್ಲನ್ನು ಹಿಡಿದುಕೊಂಡ. ಇದೇನೆಂದು ಕೇಳಿದ. ಚಿನ್ನ ಬೆಳ್ಳಿ ಸಾಚಾ ಹೌದೋ ಅಲ್ಲವೋ ನೋಡುವುದಕ್ಕೆ ಎಂದೆ. ನಮ್ಮ ದೇಶದಲ್ಲಿ ಏನನ್ನು ನೋಡುವುದಿದೆ ಎಂದ. ಹುಡುಗಿಯ ಸೋದರಮಾವ ನಾನು ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಕ್ಕೆ ನೋಡಿದ. ಅದು ನನಗೆ ಪರಿಚಯದ ನೋಟ. ಸರ್ವಿಸಿನಲ್ಲಿದ್ದಷ್ಟು ಕಾಲ ನಾನೇ ಬಳಸಿದ್ದು. ಒಂದೇ ಕಸುಬಿನವರು ಎಂಬುದು ಅವನಿಗೂ ಹೊಳೆದಿರಬೇಕು. ಬೆರಳಿನ ಉಂಗುರ ಬಿಚ್ಚಿ, ನೋಡಿ ಹೇಳು ಎಂದು ಮುಂದಿಟ್ಟ. ಕಲ್ಲಿಗೆ ಉಜ್ಜಿದೆ. ಗೆರೆ ಕೆಂಪಗೆ ಬಂತು, ತಾಮ್ರ ಧಾರಾಳವಾಗಿತ್ತು. ಅವನ ಹಿಂದೆ ಗೋಡೆಗೆ ಅವನ ದೇಶದ ಬಾವುಟವಿತ್ತು. ಉತ್ತಮ ಚಿನ್ನ ಎಂದೆ. ಪರದೇಶದಲ್ಲಿ ಆಡಿದ ಮೊದಲ ಸುಳ್ಳಿನ ಬಲದಿಂದ ನಾನು ಹೊರಕ್ಕೆ ಬಂದೆ.

ಈಡಿಸನ್

ಆ ವರ್ಷ ಶಾರದೆಯ ಊರಾದ ಈಡಿಸನ್ನಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಬೆಂಗಳೂರಿನಿಂದ ಇಳಿದ ಕಂಪ್ಯೂಟರ್ ಹುಡುಗರು ತುಂಬಿಕೊಂಡಿದ್ದರು. ಶಾರದೆಯ ಮನೆಗೆ ಊಟಕ್ಕೆ ಬಂದವರೆಲ್ಲ ಸಾರನ್ನು ಹೊಗಳಿ, ಷೇರಿನ ಮಾತಿಗೆ ಬರುತ್ತಿದ್ದರು. ನಾಯಿಗಳ ಊಟವನ್ನು ಕಂಪ್ಯೂಟರಿನಲ್ಲಿ ಮಾರುವ ಕಂಪನಿಯೊಂದರಲ್ಲಿ ತನಗೆ ಪಾಲಿದೆ ಎಂದು ಒಬ್ಬ ಹೇಳಿದ. ನಾಯಿಗೆ ಆರ್ಡರ್ ಮಾಡುವುದು ಹೇಗೆ ಗೊತ್ತು ಎಂದು ಕೇಳಿದೆ. ಅಂಕಲ್ ಬಹಳ ಜೋಕ್ ಮಾಡ್ತಾರೆ ಎಂದ. ನಾನು ಜೋಕು ಮಾಡಿರಲಿಲ್ಲ.

ವೆಂಕಟೇಶ್ ಫೋನ್ ಕಂಪನಿಯಲ್ಲಿ ಎಂಜಿನಿಯರು, ಮೃದು ಸ್ವಭಾವದವರು, ಲೈಬ್ರರಿಯ ಪುಸ್ತಕವನ್ನು ಗಡುವಿಗೆ ಮುಂಚೆಯೇ ಹಿಂದಿರುಗಿಸುವ ಜಾತಿ. ಸುಮನ ಆಫೀಸಿಗೆ ಹೋದದ್ದು ಖಾತ್ರಿಯಾದ ಮೇಲೆ ದೇವರಮನೆಯಿಂದ ಬಿಲ್ಲೆಯನ್ನು ತಂದು ನನ್ನ ಅಂಗೈಗೆ ಹಾಕಿದರು. ದೇವರಮನೆಯೆಂದರೆ ಅಲ್ಲಿ ಕೋಟು ನೇತುಹಾಕುವ ಗೂಡು. ಬಾಗಿಲು ತೆರೆದರೆ ದೀಪ ತಾನಾಗಿ ಹತ್ತುತ್ತದೆ.

ಬಿಲ್ಲೆ ಕಪ್ಪಗಿತ್ತು. ದುಂಡಗಿದೆ ಎಂದರೆ ದುಂಡಗೆ, ಇಲ್ಲವೆಂದರೆ ಇಲ್ಲ. ಅಂಚನ್ನು ಕತ್ತರಿಯಿಂದ ಸವರಿದ ಹಾಗಿತ್ತು. ಒಂದು ಕಡೆ ಚುಕ್ಕಿಗಳ ಬಳೆಯೊಳಗೆ ಒಂದು ಪೈನ್ ಮರ. ಇನ್ನೊಂದು ಕಡೆ ೧೬೫೨ ಎಂಬ ಇಸವಿ, ಅದರ ಕೆಳಗೆ ಹನ್ನೆರಡು ಪೆನ್ಸ್ ಎಂಬುದಕ್ಕೆ ರೋಮನ್ ಅಂಕಿ. ಹುಡುಗನ ತಂದೆ ವಾಲ್ಟರ್ ಮೊದಲ ಸಲ ಊಟಕ್ಕೆ ಬಂದವರು, ಶಾರದೆಯೂ ವೆಂಕಟೇಶರೂ ಕಾಫಿ ಸೋಸಲು ಒಳಕ್ಕೆ ಹೋದಾಗ, ಅದನ್ನು ಸುಮನಳ ಕೈಯಲ್ಲಿಟ್ಟರಂತೆ. ಅವಳು ತಂದು ತಾಯಿಗೆ ಕೊಟ್ಟಳಂತೆ. ತಾಯಿ ದೇವರ ಮುಂದೆ ಇಟ್ಟಳಂತೆ. ವೆಂಕಟೇಶ್ ಕಂಪ್ಯೂಟರಿಗೆ ಫೋನು ತಂತಿ ಸಿಕ್ಕಿಸಿ, ಅದು ಕಿರುಚಿ ಸುಮ್ಮನಾದ ಮೇಲೆ ಹುಡುಕಿ ನೋಡಿ, ಊಟ ಬಿಟ್ಟರಂತೆ.

“ಇದು ಈ ದೇಶದ ಮೊದಮೊದಲ ಬೆಳ್ಳಿ ನಾಣ್ಯ, ಭಾವ. ಮ್ಯೂಸಿಯಮ್ಮಲ್ಲಿ ಇಡೋದು. ಇಂಥದ್ದನ್ನ ಯಾರಾದ್ರೂ ಮಗೂಗೆ ಚಾಕ್ಲೇಟ್ ಕೊಟ್ಟಹಾಗೆ ಕೊಟ್ಟುಬಿಡ್ತಾರಾ?”

ಅವರು ಓದಿ ತಿಳಿದಿದ್ದ ಚರಿತ್ರೆಯನ್ನು ಕೇಳಿ ನನ್ನ ಕಿವಿ ನೆಟ್ಟಗಾಯಿತು. ಇಂಗ್ಲೆಂಡಿನಿಂದ ಬಂದು ನೆಲೆಸಿದ ಆ ಜನರ ಬಳಿ ಚಲಾವಣೆಗೆ ನಾಣ್ಯವೇ ಇರಲಿಲ್ಲ. ದೊರೆಯ ಅಪ್ಪಣೆ ಕೇಳದೆ ತಾವೇ ಟಂಕಸಾಲೆ ತೆರೆದರು. ಊರಿನವರು ತಮ್ಮ ಮನೆಯ ತಟ್ಟೆ, ಚಮಚ, ಎಲ್ಲಿಂದಲೋ ಬಂದ ಸ್ಪೇನಿನ ಬೆಳ್ಳಿ ಎಲ್ಲವನ್ನೂ ತಂದು ಸುರಿಯುವುದು. ಅಕ್ಕಸಾಲಿ ಕರಗಿಸಿ, ಪಟ್ಟಿ ಎಳೆದು, ಬಿಲ್ಲೆ ಕತ್ತರಿಸಿ, ಅಚ್ಚು ಹೊಡೆದು, ತನ್ನ ಕೂಲಿಯನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡುವುದು. ಮೊದಮೊದಲು ಬಿಲ್ಲೆಯ ಮೂಲೆಯಲ್ಲಿ ಎರಡು ಅಕ್ಷರ ಒತ್ತಿ ಉಳಿದ ಜಾಗವನ್ನು ಬೋಳಾಗಿ ಬಿಟ್ಟರು. ಜನ ಬೋಳು ಅಂಚನ್ನು ಕತ್ತರಿಸಿ ಬೆಳ್ಳಿ ಉಳಿಸಿಕೊಂಡು ನಾಣ್ಯವನ್ನು ದಾಟಿಸತೊಡಗಿದರು. ಆಗ ಅಂಚಿನವರೆಗೂ ಅಕ್ಷರ, ಚುಕ್ಕಿ, ನಡುವೆ ಮರ ಬಂದವು. ಇದನ್ನು ಕೇಳಿ ನನಗೆ ಬೆಂಗಳೂರಿನ ನಗರ್ತಪೇಟೆಯ ಚಿನಿವಾರರ ನೆನಪಾಗಿ ಮನಸ್ಸಿಗೆ ಹಿತವಾಯಿತು.

ಎಲ್ಲಕ್ಕಿಂತ ಹಿತವಾದದ್ದು ಇಸವಿಯ ಸಂಗತಿ. ಆ ಟಂಕಸಾಲೆ ಹಲವು ವರ್ಷ ನಡೆದರೂ ಮರದ ಚಿತ್ರವಿದ್ದ ಹೆಚ್ಚುಕಡಿಮೆ ಎಲ್ಲ ನಾಣ್ಯಗಳ ಮೇಲೂ ಅದೇ ೧೬೫೨. ಆ ವರ್ಷ ಇಂಗ್ಲೆಂಡಿನಲ್ಲಿ ದೊರೆಯೇ ಇರಲಿಲ್ಲವಾದ್ದರಿಂದ, ಮುಂದೆ ಯಾವ ದೊರೆ ಬಂದು ಕೇಳಿದರೂ ಆಗ ಹೊಡೆದದ್ದು ಸ್ವಾಮಿ ಎನ್ನಬಹುದು ಎಂಬ ಲೆಕ್ಕಾಚಾರ ಎಂದು ಕೆಲವರು ಹೇಳುತ್ತಾರಂತೆ. ಹಳೆಯ ತಾರೀಕಿನ ಬಿಲ್ಲು ಬರೆಯುವುದನ್ನು ನಮ್ಮ ವ್ಯಾಪಾರಿಗಳು ತಾವೇ ಕಂಡುಹಿಡಿದದ್ದು ಎಂದುಕೊಂಡಿದ್ದಾರೆ, ಪಾಪ.

“ಅಸಲಿ ನಾಣ್ಯದ ಮೇಲೇ ಸುಳ್ಳು ಇಸವಿ ಇದ್ದ ಮೇಲೆ ಖೋಟಾದ ಮೇಲೆ ಏನಿರುತ್ತೆ ಅಂತೀರಿ?” ಎಂದೆ.

ಅಡುಗೆಮನೆಯ ಗ್ರಾನೈಟಿನ ಮೇಲೆ ಬಿಲ್ಲೆಯನ್ನು ಎಸೆದೆ. ಠಣ್ ಎಂದು ಪುಟಿಯಿತು. ಕಲ್ಲಿಗೆ ಉಜ್ಜಿದೆ. ಒಳಲೆಯನ್ನೂ ಪಕ್ಕದಲ್ಲಿ ಉಜ್ಜಿ ಗೆರೆ ಹೋಲಿಸಿದೆ. ಬೆಳ್ಳಿ ಸಾಚಾ. ವಯಸ್ಸು ಮಾತ್ರ ಕಲ್ಲಿಗೆ ತಿಳಿಯುವುದಿಲ್ಲ.

ವಾಲ್ಟರ್ ಏನು ಮಾಡಿಕೊಂಡಿದ್ದರು ಎಂದು ಕೇಳಿದೆ. ದಂತವೈದ್ಯರು, ಈಗ ನಿವೃತ್ತರು ಎಂದರು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಹಲ್ಲಿನ ಅಚ್ಚು ತೆಗೆದು ಅದರೊಳಗೆ ಲೋಹ ಹುಯ್ಯುವವನಿಗೆ ನಾಣ್ಯದ ಅಚ್ಚು ತೆಗೆಯುವುದು ಯಾವ ಮಹಾ ಕೆಲಸ?

ಫ್ಲಶಿಂಗ್

ಭಾನುವಾರದ ಕಾರ್ಯ ನ್ಯೂಯಾರ್ಕಿನ ಫ್ಲಶಿಂಗಿನಲ್ಲಿರುವ ಗಣಪತಿ ದೇವಸ್ಥಾನದಲ್ಲಿ. ಶುಕ್ರವಾರ ವೆಂಕಟೇಶ್ ರಜೆ ಹಾಕಿದರು. ಭಟ್ಟರನ್ನು ಕಂಡುಬರಲು ರೈಲಿನಲ್ಲಿ ಹೋದೆವು. ಸಬ್‌ವೇ ಎಂಬುದು ನೆಲದ ಕೆಳಗೆ ಓಡುವ ರೈಲು ಎಂದು ಕೇಳಿದ್ದೆ. ಕ್ವೀನ್ಸ್ ದಾಟುವಾಗ ಅದು ಮನೆಗಳ ತಲೆಯ ಮೇಲೆ ಓಡಿತು. ಈ ಊರಿನಲ್ಲಿ ಹೆಸರನ್ನೂ ನಂಬುವಂತಿಲ್ಲ. ಎದುರಿಗೆ ಕೂತವರು ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನಮ್ಮ ತುಮಕೂರು ಪ್ಯಾಸೆಂಜರಿನಲ್ಲಾದರೆ ಯಶವಂತಪುರ ಬರುವಷ್ಟರಲ್ಲಿ ನನ್ನ ಪೆನ್ಷನ್ ಎಷ್ಟೆಂದು ಬೋಗಿಗೇ ತಿಳಿದಿರುತ್ತಿತ್ತು.

ಭಟ್ಟರು ಸಾಮಾನು ಹೇಳಿದರು: ತೆಂಗಿನಕಾಯಿ, ವೀಳ್ಯದೆಲೆ, ಗಂಡಿನ ಕಡೆಯವರು ಹುಡುಗಿಗೆ ಕೊಟ್ಟ ಬೆಳ್ಳಿ ಏನಾದರೂ ಇದ್ದರೆ ತಟ್ಟೆಯಲ್ಲಿ. ಆ ತಟ್ಟೆಯನ್ನು ಎತ್ತಿ ಕೊಡಬೇಕಾದವನು ಸೋದರಮಾವ.

ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಯ ಮುಂದೆ ಕೂತು ನಾನು ಮಾತು ತೆಗೆದೆ. ಖೋಟಾ ಎಂದು ಗೊತ್ತಿದ್ದೂ ನಾನು ದೇವರೆದುರು ಆ ತಟ್ಟೆ ಎತ್ತುವುದಿಲ್ಲ, ವಾಲ್ಟರ್ ಅವರನ್ನು ನೇರವಾಗಿ ಕೇಳಿಬಿಡೋಣ ಎಂದೆ. ವೆಂಕಟೇಶ್ ದೋಸೆಯನ್ನು ತಟ್ಟೆಯಲ್ಲಿ ಅತ್ತಿಂದಿತ್ತ ತಳ್ಳಿದರು. ನಿಮ್ಮ ಉಡುಗೊರೆ ನಿಜವೋ ಸುಳ್ಳೋ ಎಂದು ಬೀಗರನ್ನು ಕೇಳಿದರೆ ಸಂಬಂಧ ಅಲ್ಲಿಗೇ ಮುಗಿಯಿತು, ಸುಮನ ತನ್ನ ಮುಖ ನೋಡುವುದಿಲ್ಲ ಎಂದರು. ಸುಮನಳನ್ನೇ ಕೇಳಿದರೆ? ಮದುವೆಯಾಗುವ ಹುಡುಗಿಯ ತಲೆಗೆ ಹುಳ ಬಿಡುವುದು ಬೇಡ ಎಂದರು. ಅದನ್ನು ಮಾತ್ರ ನಾನೂ ಒಪ್ಪಿದೆ.

ಮನೆಗೆ ಬಂದರೆ ದೇವರ ಗೂಡಿನಿಂದ ಬೆಳಕು ಬರುತ್ತಿತ್ತು. ಶಾರದೆ ಶುಕ್ರವಾರದ ಪೂಜೆ ಮುಗಿಸಿದ್ದಳು. ದೀಪ, ಪಂಚಪಾತ್ರೆ, ಉದ್ಧರಣೆ ಎಲ್ಲವೂ ಥಳಥಳ ಹೊಳೆಯುತ್ತಿದ್ದವು. ಲಕ್ಷ್ಮಿಯ ಪಾದದ ಬಳಿ ಬಿಲ್ಲೆಯೂ ಥಳಥಳ ಹೊಳೆಯುತ್ತಿತ್ತು.

ವೆಂಕಟೇಶ್ ಗೂಡಿನೊಳಕ್ಕೆ ತಲೆ ಹಾಕಿದರು. “ಏನ್ ಮಾಡ್ದೆ ಶಾರೀ?”

“ಹುಣಸೆಹಣ್ಣು ಹಚ್ಚಿ, ವಿಭೂತೀಲಿ ತಿಕ್ದೆ. ಯಾಕೆ? ದೇವರ ಮುಂದೆ ಕಪ್ಪು ಬೆಳ್ಳಿ ಇಡ್ತಾರೇನಣ್ಣಾ?” ಎಂದು ಅವಳು ನನ್ನನ್ನು ಕೇಳಿದಳು. ತಪ್ಪು ಯಾರದಾದರೂ ಅವಳು ಕೇಳುವುದು ನನ್ನನ್ನೇ.

ಹಳೆಯ ನಾಣ್ಯದ ಕಪ್ಪೇ ಅದರ ಬೆಲೆ, ತಿಕ್ಕಿದರೆ ಅರ್ಧಕ್ಕರ್ಧ ಹೋಯಿತು ಎಂದು ವೆಂಕಟೇಶ್ ಓದಿದ್ದರು. ಹೆಂಡತಿಗೆ ಅದನ್ನು ಹೇಳಿದರು. ಅವಳ ಮುಖ ಬಾಡಿತು. ನಾನು ಭೂತಗನ್ನಡಿ ಹಿಡಿದು ನೋಡಿದೆ. ಕಪ್ಪಿನ ಕೆಳಗೆ ಅಂಚಿನಲ್ಲಿ ಅರದ ಗೀರುಗಳು, ಹೊಸದಾಗಿ ಎಳೆದಂತೆ ಚೂಪಾಗಿದ್ದವು. ಹೊಸದೇ ಇರಬಹುದು. ಹುಣಸೆಹಣ್ಣು ಹೊಸದು ಮಾಡಿದ್ದೂ ಇರಬಹುದು. ಸಾಕ್ಷಿಯನ್ನು ನನ್ನ ತಂಗಿ ತಿಕ್ಕಿ ತೊಳೆದಿದ್ದಳು.

ಅಷ್ಟರಲ್ಲಿ ಫೋನು ಬಂತು. ವಾಲ್ಟರ್. ಸುಮನಳ ಮಾವನವರು ಬಂದಿದ್ದಾರಂತೆ, ನಾಳೆ ಎಲ್ಲರೂ ಹ್ಯಾರಿಸನ್ನಿನ ನಮ್ಮ ಮನೆಗೆ ಬನ್ನಿ, ನಾಣ್ಯವನ್ನೂ ತನ್ನಿ, ಅವರಿಗೆ ಒಂದು ತೋರಿಸುವುದಿದೆ ಎಂದರಂತೆ.

“ಖೋಟಾ ಅಂತಾದ್ರೆ ಸುಮಂಗೆ ಏನ್ ಹೇಳ್ಲಿ, ಅಸಲಿ ಅಂತಾದ್ರೆ ಅವರಿಗೆ ಏನ್ ಹೇಳ್ಲಿ, ಭಾವ?” ಎಂದರು ವೆಂಕಟೇಶ್. ಅವರು ಫೋನನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

ಹೆದ್ದಾರಿಯ ಪಕ್ಕದ ಡೈನರ್

ಇಲ್ಲಿ ನನ್ನ ಇಲಾಖೆಯ ಅನುಭವ ನೆರವಿಗೆ ಬಂತು. ಹಿಂದೆ ಹೊಸ ಬೆಳ್ಳಿ ವಿಗ್ರಹಗಳನ್ನು ಅರಸರ ಕಾಲದ್ದೆಂದು ಮಾರುತ್ತಿದ್ದ ಅಂಗಡಿಯೊಂದಕ್ಕೆ ನಾನು ಬೀಗಮುದ್ರೆ ಹಾಕಿದ್ದೆ. ಅವರ ಹಿತ್ತಿಲಿನಲ್ಲಿ ಡಬ್ಬಗಟ್ಟಲೆ ಬೇಯಿಸಿದ ಮೊಟ್ಟೆ ಇತ್ತು. ಮೊಟ್ಟೆಯ ಹಳದಿಯ ಜೊತೆ ಬೆಳ್ಳಿಯನ್ನು ಮುಚ್ಚಿಟ್ಟರೆ, ಅದರ ಆವಿಗೆ ಬೆಳ್ಳಿ ಕಪ್ಪಾಗುತ್ತದೆ. ಬೆಳಿಗ್ಗೆಯ ಬೆಳ್ಳಿ ಸಂಜೆಗೆ ಅಜ್ಜನ ಕಾಲದ್ದು.

ಆದರೆ ಶಾರದೆಯ ಒಲೆಯ ಮೇಲೆ ಮೊಟ್ಟೆ ಏರುವಂತಿಲ್ಲ. ಶನಿವಾರ ಬೆಳಿಗ್ಗೆ ನಾವಿಬ್ಬರು ಗಂಡಸರು ಡೈನರಿಗೆ ಹೋದೆವು. ಅದು ರೈಲುಬೋಗಿಯ ಆಕಾರದ ಹೋಟೆಲು. ಬಡಿಸುವ ಹೆಂಗಸು ಮೊದಲ ನೋಟಕ್ಕೇ ನನ್ನನ್ನು ‘ಹನಿ’ ಎಂದು ಕರೆದಳು. ನನ್ನ ಹೆಂಡತಿ ಕೂಡ ಹಾಗೆ ಕರೆದವಳಲ್ಲ. ನಾನು ಜೇಬು ಮುಟ್ಟಿ ನೋಡಿಕೊಂಡೆ.

ಮೊಟ್ಟೆ ಬೇಕು, ಪಾರ್ಸೆಲ್ ಎಂದರು ವೆಂಕಟೇಶ್. ಆಮೇಲೆ ಶುರುವಾಯಿತು ವಿಚಾರಣೆ. ಹೇಗೆ ಬೇಕು, ಒಂದು ಮಗ್ಗುಲು ಹುರಿದೋ, ಎರಡೂ ಮಗ್ಗುಲೋ, ಕದಡಿಯೋ? ಬೇಯಿಸಿ. ಎಷ್ಟು ಬೇಯಿಸಿ? ವೆರಿ ಹಾರ್ಡ್. ಟೋಸ್ಟ್ ಯಾವುದು, ಬಿಳಿಯದೋ ಗೋಧಿಯದೋ? ಬೇಡ. ಆಲೂಗಡ್ಡೆ ಅದರ ಜೊತೆಗೇ ಬರುತ್ತದೆ. ಬೇಡ. ನಮ್ಮೂರಿನ ಮಾಣಿ ಏನನ್ನೂ ಕೇಳದೆ ತನಗೆ ತೋಚಿದ್ದನ್ನು ತಂದಿಟ್ಟು ಹೋಗುತ್ತಾನೆ. ಆ ದಯೆಯ ಬೆಲೆ ನನಗೆ ತಿಳಿದದ್ದು ಅಲ್ಲಿ. ಬಿಸಿ ಪೊಟ್ಟಣ ಹಿಡಿದು ತಿರುಗಿದರೆ, ಮೂಲೆಯ ಮೇಜಿನಲ್ಲಿ ಕನ್ನಡ ಕೂಟದ ಪದಾಧಿಕಾರಿಯೊಬ್ಬರು ಆಮ್ಲೆಟ್ಟಿನ ಮುಂದೆ ಕೂತಿದ್ದರು. ಅವರು ಕಿಟಕಿಯ ಹೊರಗೆ ನೋಡಿದರು. ನಾವು ಚಾವಣಿಯನ್ನು ನೋಡಿದೆವು. ಮರುದಿನ ನಿಶ್ಚಿತಾರ್ಥದಲ್ಲಿ ಪರಸ್ಪರ ಬಹಳ ಆತ್ಮೀಯವಾಗಿ ನಮಸ್ಕರಿಸಿಕೊಂಡೆವು.

ಗರಾಜಿನಲ್ಲಿ ಮೊಟ್ಟೆ ಕಿವುಚಿ, ಬಿಲ್ಲೆಯನ್ನು ಕಾಗದದ ಮೇಲಿಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಾರಿನ ಗಾಜಿನ ಹಿಂದೆ ಬಿಸಿಲಿಗಿಟ್ಟೆವು. ಬಿಲ್ಲೆ ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ನವಿಲಿನ ಕತ್ತಿನಂಥ ಕಪ್ಪಾಯಿತು. ಹೆಬ್ಬೆರಳಿನಿಂದ ಮರದ ಮೇಲೆ ಸವರಿದೆ. ಎದ್ದ ಕಡೆ ಬಿಳುಪು, ತಗ್ಗಿನಲ್ಲಿ ಕಪ್ಪು. ನಾನು ಬೀಗ ಹಾಕಿಸಿದ ಅಂಗಡಿಯವನದಕ್ಕಿಂತ ನನ್ನ ಕೆಲಸ ಚೊಕ್ಕಟವಾಗಿತ್ತು ಎಂದು ಹೇಳದೆ ವಿಧಿಯಿಲ್ಲ. ಕಾರು ಮಾತ್ರ ನಾರುತ್ತಿತ್ತು. ಸುಮನ ಹಿಂದಿನ ಸೀಟಿನಲ್ಲಿ ಕೂತು, “ವಾಟ್ ಈಸ್ ದಟ್ ಸ್ಮೆಲ್?” ಎಂದಳು. ಊರಿನ ಇಂಗು ಎಂದೆ.

ಹ್ಯಾರಿಸನ್

ಹ್ಯಾರಿಸನ್ ಹಳೆಯ ಕಾರ್ಖಾನೆಗಳ, ಒತ್ತೊತ್ತಾದ ಮರದ ಮನೆಗಳ ಊರು. ರೈಲು ಮನೆಯ ಹಿಂದೆಯೇ ಹೋಗುತ್ತಿತ್ತು. ವಾಲ್ಟರ್ ಎತ್ತರದ ಆಳು, ದೊಡ್ಡ ಗಂಟಲು. ನಾವು ಮಾತಾಡುವಾಗ ಅವರು ಕಣ್ಣನ್ನು ನೋಡುವುದಿಲ್ಲ, ಹಲ್ಲನ್ನು ನೋಡುತ್ತಾರೆ. ನಾನು ಬಾಯಿ ಮುಚ್ಚಿ ನಿಂತೆ. ನನ್ನೆದುರು ಅಷ್ಟು ಜನ ವ್ಯಾಪಾರಿಗಳು ಹಾಗೆ ಯಾಕೆ ನಿಲ್ಲುತ್ತಿದ್ದರು ಎಂದು ಅರ್ಥವಾಯಿತು.

ಹಜಾರದ ಗೋಡೆಯ ಮೇಲೆ ಒಂದು ಫೋಟೋ. ಬಿಳಿ ಕೂದಲಿನ ಟೋಪನ್ ತಲೆಗಿಟ್ಟು, ಮೊಣಕಾಲಿನವರೆಗೆ ಚಡ್ಡಿ, ಬಕಲ್ ಬೂಟು ತೊಟ್ಟ ಇದೇ ವಾಲ್ಟರ್, ಕೈಯಲ್ಲಿ ಸುತ್ತಿಗೆ. ನಮ್ಮ ಕಡೆಯಾದರೆ ನಾಟಕದ ಕಂಪನಿ ಎಂದು ಬಿಟ್ಟುಬಿಡಬಹುದಿತ್ತು. ನಾನು ವೆಂಕಟೇಶರ ತೋಳು ಚಿವುಟಿ, ಫೋಟೋದಲ್ಲಿ ಅವರ ಮುಂದಿದ್ದ ಮೇಜನ್ನು ತೋರಿಸಿದೆ. ಅದರ ಮೇಲೆ ಸಾಲಾಗಿ ಸಣ್ಣ ಬಿಲ್ಲೆಗಳಿದ್ದವು. ಶಾರದೆ ಸೆರಗು ಹೊದ್ದು ಕೂತಿದ್ದಳು.

ನಾಣ್ಯ ಎಲ್ಲಿ ಎಂದು ವಾಲ್ಟರ್ ಕೈ ಚಾಚಿದರು. ವೆಂಕಟೇಶ್ ಕುಂಕುಮದ ಡಬ್ಬಿಯಲ್ಲಿದ್ದುದನ್ನು ಕೊಟ್ಟರು. ವಾಲ್ಟರ್ ಮುಚ್ಚಳ ತೆರೆದರು. ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಮೂಗಿಗೆ ಹಿಡಿದರು. ತಲೆಯೆತ್ತಿ ನೇರ ನನ್ನನ್ನು ನೋಡಿದರು, ಈ ಸಲ ಕಣ್ಣನ್ನೇ.

“ಮೊಟ್ಟೆಯಾ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಸುಮ್ಮನಿದ್ದೆ. ಇಲಾಖೆಯಲ್ಲಿ ಕಲಿತದ್ದು ಅದು.

“ನಾನು ಒಂದು ಮೊಟ್ಟೆ ಹಾಕಿದ್ದೆ. ನೀವೆಷ್ಟು ಹಾಕಿದಿರಿ?”

“ಮೂರು,” ಎಂದುಬಿಟ್ಟರು ವೆಂಕಟೇಶ್.

ವಾಲ್ಟರ್ ಬಿಲ್ಲೆಯನ್ನು ಮಗ ಡೇವಿಡ್ಡನಿಗೆ ತೋರಿಸಿ, ಇದು ನನ್ನದಕ್ಕಿಂತ ಚೆನ್ನಾಗಿ ಕಪ್ಪಾಗಿದೆ ಎಂದರು. ಸುಮನ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. “ಯೂ ಥಾಟ್ ಇಟ್ ವಾಸ್ ರಿಯಲ್? ಮಾಮ, ವಾಲ್ಟರ್ ಅಂಕಲ್ ಮೇಡ್ ಇಟ್. ಡೇವಿಡ್ಸ್ ಬೇಬಿ ಸ್ಪೂನ್ ಕರಗಿಸಿ ಮಾಡಿದ್ದು.”

“ಮೊದ್ಲೇ ಹೇಳೋಕಾಗ್ಲಿಲ್ವೇನೇ?” ಎಂದಳು ಶಾರದೆ.

“ನೋಬಡಿ ಆಸ್ಕ್ಡ್ ಮಿ, ಅಮ್ಮ. ಐ ಕಮ್ ಇನ್ ಅಂಡ್ ಯೂ ಆಲ್ ಸ್ಟಾಪ್ ಟಾಕಿಂಗ್.”

ಮನೆಯ ಹಿಂದೆ ರೈಲು ಹೋಯಿತು. ಶಾರದೆ ಮೊದಲು ನಕ್ಕಳೋ ಅತ್ತಳೋ ನನಗೆ ಸರಿಯಾಗಿ ಕಾಣಿಸಲಿಲ್ಲ, ಸೆರಗು ಅಡ್ಡವಿತ್ತು. ವೆಂಕಟೇಶ್ ಹಲವು ದಿನಗಳ ಮೇಲೆ ಬಿಸ್ಕತ್ತು ತಿಂದರು.

ನಾನು ಒಂದೇ ಪ್ರಶ್ನೆ ಕೇಳಿದೆ. ಮೋಸ ಮಾಡುವ ಉದ್ದೇಶವಿಲ್ಲದವರು ಕಪ್ಪು ಮಾಡಿದ್ದೇಕೆ? ವಾಲ್ಟರ್ ಸ್ವಲ್ಪ ಯೋಚಿಸಿ, ಥಳಥಳ ಹೊಳೆಯುವ ಬೆಳ್ಳಿಯನ್ನು ಕಂಡರೆ ನನಗೆ ಅನುಮಾನ ಬರುತ್ತದೆ ಎಂದರು. ಇಡೀ ಪ್ರವಾಸದಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದ ಮಾತು ಅದೊಂದೇ.

ತೋರಿಸಬೇಕೆಂದಿದ್ದನ್ನು ಗರಾಜಿನಲ್ಲಿ ತೋರಿಸಿದರು. ಹಲ್ಲಿನ ಕೆಲಸದ ಪುಟ್ಟ ಕುಲುಮೆ, ಕೈಯಿಂದ ತಿರುಗಿಸುವ ಎರಡು ಉರುಳೆಗಳು, ದಪ್ಪ ಕತ್ತರಿ, ಮೇಲೆ ಉದ್ದನೆಯ ಅಡ್ಡತೋಳಿರುವ ತಿರುಪಿನ ಒತ್ತುಯಂತ್ರ. ಅಚ್ಚಿನಲ್ಲಿ ಮರವನ್ನೂ ಅಕ್ಷರಗಳನ್ನೂ ಅವರೇ ತಿರುವುಮುರುವಾಗಿ ಕೊರೆದಿದ್ದರು. ಗೋಡೆಯ ಫೋಟೋದ ವೇಷ, ಊರ ಹಬ್ಬಗಳಲ್ಲಿ ಹಳೆಯ ಕಾಲದ ಟಂಕಸಾಲೆಯ ಕೆಲಸವನ್ನು ಜನರಿಗೆ ಮಾಡಿ ತೋರಿಸುವಾಗಿನದಂತೆ. ಹಿಂದೆ ಹೇಗೆ ಮಾಡುತ್ತಿದ್ದರು ಎಂಬುದರಲ್ಲಿ ತನಗೆ ಗೊತ್ತಿರುವುದಕ್ಕಿಂತ ಊಹಿಸಿರುವುದೇ ಹೆಚ್ಚು ಎಂದು ದೊಡ್ಡ ಗಂಟಲಿನಲ್ಲಿ ಒಪ್ಪಿಕೊಂಡರು. ಜನ ತಮ್ಮ ಮನೆಯ ಬೆಳ್ಳಿ ತಂದು ಕೊಡುತ್ತಿದ್ದರು ಎಂಬುದು ಮಾತ್ರ ಖಂಡಿತ, ಅದಕ್ಕೇ ಚಮಚ ಎಂದರು. ಹೇಳುವಾಗ ಡೇವಿಡ್ಡನ ಕಡೆ ನೋಡಲಿಲ್ಲ. ಡೇವಿಡ್ಡನ ತಾಯಿ ತೀರಿಕೊಂಡದ್ದು ಅವನು ಚಿಕ್ಕವನಿದ್ದಾಗ ಎಂದು ಸುಮನ ಆಮೇಲೆ ಹೇಳಿದಳು.

ಶಾರದೆ ಆ ಯಂತ್ರವನ್ನೇ ನೋಡುತ್ತ ನಿಂತಿದ್ದಳು.

ಮತ್ತೆ ಹ್ಯಾರಿಸನ್

ಭಾನುವಾರ ಫ್ಲಶಿಂಗಿನಲ್ಲಿ ನಾನು ತಟ್ಟೆ ಎತ್ತಿ ಕೊಟ್ಟೆ. ಬಿಲ್ಲೆಯನ್ನು ಕಪ್ಪಗಿಡಬೇಕೋ ತೊಳೆಯಬೇಕೋ ಎಂದು ಚರ್ಚೆಯಾಗಿ, ಒಂದು ಮಗ್ಗುಲು ಮಾತ್ರ ತಿಕ್ಕುವುದೆಂದು ತೀರ್ಮಾನವಾಗಿತ್ತು.

ಮುಂದಿನ ವಾರ ಶಾರದೆಯೇ ಎಲ್ಲರನ್ನೂ ಹ್ಯಾರಿಸನ್ನಿಗೆ ಹೊರಡಿಸಿದಳು. ಗರಾಜಿಗೆ ಹೋದವಳೇ ಸೆರಗಿನೊಳಗಿಂದ ಒಳಲೆಯನ್ನು ತೆಗೆದು ವಾಲ್ಟರ್ ಕೈಯಲ್ಲಿಟ್ಟಳು.

“ಅಮ್ಮನದಲ್ವೇನೆ ಅದು?” ಎಂದೆ.

“ಸೋರತ್ತಲ್ಲ ಅಣ್ಣ. ಸುಮ್ನೆ ಇಟ್ಕೊಂಡು ಏನ್ ಮಾಡ್ಲಿ?”

ವಾಲ್ಟರ್ ಅದರ ಮೂತಿಯ ಮೇಲೆ ಬೆರಳಾಡಿಸಿ, ಇದು ಏನು ಎಂದು ಕೇಳಿದರು. ಸುಮನ ಹೇಳಿದಳು. ಅವರು ಕುಲುಮೆ ಹೊತ್ತಿಸಿದರು. ಒಳಲೆ ಮೊದಲು ಕುಗ್ಗಿ, ತಟಕ್ಕನೆ ಒಂದು ಗುಂಡು ಹನಿಯಾಗಿ ಉರುಳಿತು. ಪಟ್ಟಿ ಎಳೆದರು, ಕತ್ತರಿಸಿದರು, ಮತ್ತೆ ಕಾಯಿಸಿ ಮೆತ್ತಗೆ ಮಾಡಿದರು. ತೂಕ ಹೆಚ್ಚಿದ್ದ ಕಡೆ ಅಂಚು ಸವರಿದರು. ಸವರಿದ ಚೂರುಗಳು ಎಲ್ಲಿಗೆ ಬಿದ್ದವು ಎಂದು ನಾನು ನೋಡಿಕೊಂಡೆ. ಎಲ್ಲವನ್ನೂ ಕಾಗದದಲ್ಲಿ ಕಟ್ಟಿ ಶಾರದೆಗೇ ಕೊಟ್ಟರು. ಕೂಲಿ ಹಿಡಿದುಕೊಳ್ಳಲಿಲ್ಲ. ಅಚ್ಚಿನ ನಡುವೆ ಬಿಲ್ಲೆಯಿಟ್ಟು, ಅಡ್ಡತೋಳನ್ನು ಎಳೆಯಲು ಸೋದರಮಾವನನ್ನು ಕರೆದರು. ನಾನು ಶಲ್ಯ ತೆಗೆದಿಟ್ಟು ಎಳೆದೆ.

ಒಳಲೆಯ ಬೆಳ್ಳಿಯಲ್ಲಿ ಎರಡು ನಾಣ್ಯಗಳಾದವು. ಒಂದನ್ನು ಡೇವಿಡ್ ಇಟ್ಟುಕೊಂಡಿದ್ದಾನೆ, ಇನ್ನೊಂದು ತುಮಕೂರಿನಲ್ಲಿ ನನ್ನ ಬಳಿ ಇದೆ. ಎರಡರ ಮೇಲೂ ೧೬೫೨ ಎಂದಿದೆ, ಎರಡರಲ್ಲೂ ಮರ ಓರೆಯಾಗಿದೆ.